ಕಿತ್ತೂರ ಅರಮನೆ

ಕಟ್ಟಿದವನ ಎಣಿಕೆಯೊಂದು, ಕಾಲದ ಎಣಿಕೆ ಮತ್ತೊಂದು. ಯಾವ ಕಟ್ಟಡವೂ ತಾನು ಹುಟ್ಟಿದ ಕೆಲಸದಲ್ಲಿಯೇ ಕೊನೆಯವರೆಗೆ ನಿಲ್ಲುವುದು ಅಪೂರ್ವ. ವಿಜಾಪುರದ ಗೋಳಗುಮ್ಮಟದ ಮುಂದಿರುವ ನಗಾರಿಖಾನೆಯು 1892ರಲ್ಲಿ ವಸ್ತುಸಂಗ್ರಹಾಲಯವಾಯಿತು. ಕಿತ್ತೂರಿನ ಅರಮನೆಗಾದರೋ ಆ ಭಾಗ್ಯವೂ ದೊರೆಯಲಿಲ್ಲ.

ಕೋಟೆಯನ್ನು ಹೊಕ್ಕೊಡನೆ ನಮಗೆ ಕಾಣುವುದು ಮಾಡಿಲ್ಲದ ಗೋಡೆಗಳು. ಅಲ್ಲಪ್ಪಗೌಡ ಸರದೇಸಾಯಿಯ (1660–1691) ಕಾಲದಲ್ಲಿ ಈ ಮನೆ ಎದ್ದಿತೆಂದು ಹೇಳುವರು. ಒಳಗೆ ಓಲಗದ ಸಭಾಂಗಣ, ಅಡಿಗೆಯ ಮನೆ, ಊಟದ ಸಾಲೆ, ಸ್ನಾನದ ತೊಟ್ಟಿ, ಬಾವಿ. ನೀರನ್ನು ಒಯ್ಯಲು ಕೊಳವೆಗಳು. ಇವೆಲ್ಲಕ್ಕೂ ಮಿಗಿಲಾಗಿ, ಧ್ರುವನಕ್ಷತ್ರವನ್ನು ನೋಡಲೆಂದು ಗೋಡೆಯಲ್ಲಿಟ್ಟ ಒಂದು ರಂಧ್ರ. ಬೇರೆ ತಾರೆಯಾದರೆ ಇಂತಹ ಕಿಂಡಿಯಿಂದ ಕ್ಷಣದಲ್ಲಿ ಸರಿದುಹೋಗುವುದು. ಧ್ರುವವಾದರೋ ಕದಲದಂತೆ ನಿಲ್ಲುವುದು. ಊರಿನ ಅಕ್ಷಾಂಶವೆಷ್ಟೋ ದಿಗಂತದಿಂದ ಅದರ ಎತ್ತರವೂ ಹೆಚ್ಚುಕಡಿಮೆ ಅಷ್ಟೇ; ಕಿತ್ತೂರಿಗೆ ಅದು ಸುಮಾರು ಹದಿನೈದೂವರೆ ಅಂಶ. ಗಾರೆಯವನ ಕೈಗೆ ಜೋಯಿಸನ ಲೆಕ್ಕ ಕೂಡಿಬಂದಿತ್ತು.

1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಇಲ್ಲಿ ಮಡಿದನು. ಅವನ ಸಹಾಯಕರಾದ ಎಲಿಯಟ್, ಸ್ಟೀವನ್‌ಸನ್ ಎಂಬಿಬ್ಬರು ಸುಮಾರು ನಲವತ್ತು ದಿನ ಕಿತ್ತೂರಿನವರ ಸೆರೆಯಲ್ಲಿದ್ದು, ಜೀವಸಹಿತ ಬಿಡುಗಡೆ ಹೊಂದಿದರು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮನವರು ಬೈಲಹೊಂಗಲದ ಕೋಟೆಯಲ್ಲಿ ಬಂಧಿತರಾಗಿದ್ದು, 1829ರಲ್ಲಿ ಅಲ್ಲಿಯೇ ದೇಹವಿಟ್ಟರು. ಸೆರೆಯಿಂದ ಬಿಡುಗಡೆಯಾದ ಆ ವಾಲ್ಟರ್ ಎಲಿಯಟ್ಟನೇ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳನ್ನು ಪ್ರತಿಮಾಡಿಸಿ, 1837ರಲ್ಲಿ ಅವುಗಳ ವಿಚಾರವನ್ನು ವಿದ್ವಾಂಸರಿಗೆ ತಿಳಿಯಪಡಿಸಿದನು. ಶತ್ರುವನ್ನು ಕೊಲ್ಲದೆ ಉಳಿಸಿದ ಊರಿನ ಔದಾರ್ಯದಿಂದ ನಾಡಿನ ಇತಿಹಾಸವೂ ಲಾಭ ಪಡೆಯಿತು.

ಒಡೆಯರಿಲ್ಲದ ಮನೆಯ ಮಾಡು ಹೋಯಿತು, ಕಂಬ ಹೋಯಿತು. 1967ರಲ್ಲಿ ಕಿತ್ತೂರಿನಲ್ಲಿ ವಸ್ತುಸಂಗ್ರಹಾಲಯವು ಸ್ಥಾಪಿತವಾಗಿ, ಕೆತ್ತನೆಯ ಬಾಗಿಲು, ಕತ್ತಿ, ಕವಚಗಳಿಗೆ ಆಸರೆ ದೊರೆಯಿತು. ಈಚಿನ ವರ್ಷಗಳಲ್ಲಿ ಅರಮನೆಯ ಪ್ರತಿಕೃತಿಯನ್ನೇ ಕಟ್ಟಬೇಕೆಂಬ ಆಲೋಚನೆಯೂ ಬಂದಿದೆ. ಅಭಿಮಾನದಿಂದ ಬಂದ ಮಾತನ್ನು ನಾವು ಹಳಿಯುವುದಿಲ್ಲ. ಆದರೆ ಹೊಸ ಗೋಡೆಯು ನಮ್ಮ ಊಹೆಯನ್ನು ಹೇಳುವುದೇ ಹೊರತು, ಹಳೆಯವರ ಬಾಳನ್ನಲ್ಲ. ಕಟ್ಟುವುದಾದರೆ ದೂರದಲ್ಲಿ ಕಟ್ಟಲಿ. ಹಳೆಯ ನೆಲಕಟ್ಟಿನ ಮೇಲೆ ಒಂದು ಇಟ್ಟಿಗೆಯನ್ನೂ ಹೆಚ್ಚಾಗಿ ಇಡದೆ, ಬೀಳುವುದನ್ನು ಮಾತ್ರ ಹಿಡಿದು ನಿಲ್ಲಿಸುವುದು ನಮಗೆ ಉಚಿತವಾಗಿ ತೋರುತ್ತದೆ.

ಕಾಳಗದ ಕಥೆಯನ್ನು ಲಾವಣಿಕಾರರು ಉಳಿಸಿದ್ದಾರೆ. ಆ ಮನೆಯಲ್ಲಿ ಒಲೆ ಎಲ್ಲಿ ಉರಿಯಿತು, ನೀರು ಎತ್ತ ಹರಿಯಿತು ಎಂಬುದನ್ನು ಹೇಳಬಲ್ಲುದು ಈ ಮುರುಕು ಗೋಡೆಯೊಂದೇ. ಅದೂ ಹೋದರೆ ಮತ್ತೆ ಯಾರನ್ನು ಕೇಳೋಣ?