ಪರದೇಶದ ವಿದ್ಯಾಭ್ಯಾಸವೂ ಪೂರ್ವಸಿದ್ಧತೆಯೂ



ವಿದ್ಯೆಗಾಗಿಯೂ ಕಲೆಗಾಗಿಯೂ ಊರು ಬಿಡುವುದು ನಮಗೆ ನೂತನವಲ್ಲ. ಬೇಲೂರಿನಲ್ಲಿ ಶಿಲ್ಪಗಳನ್ನು ರಚಿಸಿದ ದಾಸೋಜನೂ ಅವನ ಮಗ ಚಾವಣನೂ ಬಳ್ಳಿಗಾವೆಯವರೆಂಬುದಕ್ಕೆ ಅಲ್ಲಿಯ ಶಾಸನಗಳೇ ಸಾಕ್ಷಿ. ನಮ್ಮ ವಟುಗಳು ಶಾಸ್ತ್ರಾಧ್ಯಯನಕ್ಕಾಗಿ ಕಾಶಿಯ ಜಂಗಮವಾಡಿ ಮಠಕ್ಕೆ ಹೋಗುತ್ತ ಬಂದಿರುವರು. ಆದರೆ ಆ ಶಿಲ್ಪಿಗಳಿಗೆ ಕನ್ನಡವು ಆಶ್ರಯವಾಗಿದ್ದಿತು. ಕಾಶಿಗೆ ಹೋದವನಿಗೆ ಹಿಂದಿ ಬಾರದಿದ್ದರೂ ಸಂಸ್ಕೃತವು ಕೈಹಿಡಿಯುತ್ತಿದ್ದಿತು. ಇಂದು ಜರ್ಮನಿ, ಇಂಗ್ಲೆಂಡ್ ಮುಂತಾದ ದೇಶಗಳಿಗೆ ಹೊರಡುವ ನಮ್ಮ ಮಕ್ಕಳಿಗೆ ಭಾಷೆಯೂ ಬೇರೆ, ಪಾಠಕ್ರಮವೂ ಬೇರೆ.

ಆ ದೇಶಗಳು ಇದನ್ನರಿತು ಒಂದು ವ್ಯವಸ್ಥೆಯನ್ನು ಮಾಡಿಕೊಂಡಿವೆ. ನಮ್ಮ ಹನ್ನೆರಡನೆಯ ತರಗತಿಯನ್ನು ಮಾತ್ರ ಮುಗಿಸಿದವನು ಜರ್ಮನಿಯ ವಿಶ್ವವಿದ್ಯಾನಿಲಯವನ್ನು ಸಾಮಾನ್ಯವಾಗಿ ನೇರವಾಗಿ ಸೇರಲಾರನು. ‘ಸ್ಟುಡಿಯೆನ್‌ಕೊಲೆಗ್’ ಎಂಬ ಪೂರ್ವಪಾಠಶಾಲೆಯಲ್ಲಿ ಸಾಧಾರಣವಾಗಿ ಎರಡು ಅರ್ಧವರ್ಷಗಳ ಕಾಲ ಭಾಷೆಯನ್ನೂ ತನ್ನ ಶಾಸ್ತ್ರದ ಮೂಲಪಾಠಗಳನ್ನೂ ಕಲಿತು, ಕೊನೆಗೆ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಇಂಗ್ಲೆಂಡಿನಲ್ಲಿ ಇಂತಹುದಕ್ಕೆ ‘ಫೌಂಡೇಶನ್’ ವರ್ಷವೆಂದು ಹೆಸರು.

ತೆಂಗಿನ ತೋಟವನ್ನು ಒತ್ತೆಯಿಟ್ಟು ಮಗನನ್ನು ಕಳುಹಿಸುವ ತಂದೆಗೆ ಇದು ವ್ಯರ್ಥವಾದ ವರ್ಷವೆಂದು ತೋರುವುದು ಸಹಜ. ಆದರೆ ನಮ್ಮ ಸಂಸ್ಕೃತ ಪಾಠಶಾಲೆಯಲ್ಲಿ ಪ್ರಥಮ, ಕಾವ್ಯ, ಸಾಹಿತ್ಯಗಳನ್ನು ದಾಟದೆ ವಿದ್ವತ್ತಿಗೆ ಕುಳಿತವರುಂಟೆ? ಅಮರಕೋಶವನ್ನು ಕಂಠಪಾಠ ಮಾಡಿದ ಕಾಲವನ್ನು ವ್ಯರ್ಥವೆಂದು ಯಾವ ವಿದ್ವಾಂಸನೂ ಹೇಳನು. ತಳಪಾಯಕ್ಕೆ ಹೂತ ಕಲ್ಲು ಕಣ್ಣಿಗೆ ಕಾಣಿಸದು. ಗೋಪುರವು ನಿಲ್ಲುವುದು ಅದರ ಮೇಲೆಯೇ.

ಅಲ್ಲಿಯ ಅಧ್ಯಯನಕ್ರಮವನ್ನು ಕುರಿತು ಒಂದು ಮಾತು. ಗುರುಗಳು ಹೇಳಿದುದನ್ನು ಹಾಗೆಯೇ ಒಪ್ಪಿಸಿದರೆ ಸಾಲದು. ವಿದ್ಯಾರ್ಥಿಯು ಸ್ವಂತ ಮಾತುಗಳಲ್ಲಿ ಬರೆಯಬೇಕು. ಯಾವ ವಿಚಾರವು ಯಾರ ಗ್ರಂಥದ್ದೆಂದು ತಿಳಿಸಬೇಕು. ಪರರ ವಾಕ್ಯವನ್ನು ತನ್ನದೆನ್ನುವುದು ದೊಡ್ಡ ಅಪರಾಧ. ಪ್ರಶ್ನೆ ಕೇಳುವುದನ್ನು ಅವಿನಯವೆಂದು ಅಲ್ಲಿ ಎಣಿಸುವುದಿಲ್ಲ. ಪೂರ್ವಪಕ್ಷವನ್ನು ನ್ಯಾಯವಾಗಿ ನಿರೂಪಿಸಿದ ಬಳಿಕವೇ ಸಿದ್ಧಾಂತಕ್ಕೆ ಬರುವ ನಮ್ಮ ಶಾಸ್ತ್ರಪದ್ಧತಿಯನ್ನು ಬಲ್ಲವನಿಗೆ ಇದು ಅಪರಿಚಿತವೇನಲ್ಲ.

ಅಲ್ಲಿ ಸಹಾಯಕ್ಕೂ ಕೊರತೆಯಿಲ್ಲ. ಸಲಹೆ ನೀಡುವ ಅಧ್ಯಾಪಕರು, ಬರವಣಿಗೆಯನ್ನು ತಿದ್ದುವವರು, ಮನಸ್ಸು ಕುಗ್ಗಿದಾಗ ಮಾತನಾಡಿಸುವವರು ಅನೇಕ ಕಡೆ ಇರುತ್ತಾರೆ. ಆದರೆ ವಿದ್ಯಾರ್ಥಿಯು ತಾನಾಗಿ ಹೋಗಿ ಕೇಳಬೇಕು. ಸಂಕೋಚವೇ ವಿನಯವೆಂದು ಬೆಳೆದ ನಮ್ಮ ಮಕ್ಕಳು ಕೇಳದೆ ಸುಮ್ಮನಿದ್ದು ಒಳಗೊಳಗೆ ಸೊರಗುವುದುಂಟು.

ಇಲ್ಲಿ ಮರುಳಶಂಕರದೇವರನ್ನು ಸ್ಮರಿಸಬೇಕು. ದೂರದ ಅಫಘಾನ ದೇಶದಿಂದ ಕಲ್ಯಾಣಕ್ಕೆ ಬಂದರೆಂದು ಪರಂಪರೆಯು ಹೇಳುವ ಆ ಶರಣರು ಮಹಾಮನೆಯ ಪ್ರಸಾದಕುಂಡದ ಬಳಿ ಬಹುಕಾಲ ಯಾರ ಗಮನಕ್ಕೂ ಬಾರದೆ ಇದ್ದರೆಂದೂ, ಅಲ್ಲಮಪ್ರಭುಗಳು ಬಂದು ಅವರ ನಿಲವನ್ನು ಬೆಳಕಿಗೆ ತಂದರೆಂದೂ ಶೂನ್ಯಸಂಪಾದನೆಯಲ್ಲಿದೆ. ಬಸವಣ್ಣನವರ ಮಹಾಮನೆಯಲ್ಲಿಯೇ ಹೀಗಾದುದಾದರೆ, ಅನ್ನವಿಕ್ಕಿದ ಮಾತ್ರಕ್ಕೆ ನಮ್ಮ ಹೊಣೆ ತೀರಿತೆಂದು ನಾವು ಹೇಗೆ ಭಾವಿಸೋಣ? ಬಂದವನನ್ನು ಗುರುತಿಸುವುದೂ ದಾಸೋಹವೇ.

1941ರಲ್ಲಿ ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು ಮೈಸೂರಿನಲ್ಲಿ ಉಚಿತ ಪ್ರಸಾದನಿಲಯವನ್ನು ತೆರೆದಾಗ, ಹಳ್ಳಿಯ ಬಾಲಕನಿಗೆ ಮೈಸೂರೇ ಪರದೇಶದಂತಿದ್ದಿತು. ಅಂದು ಮಠಗಳು ಆ ಅಂತರವನ್ನು ಅನ್ನದಿಂದಲೂ ಆಶ್ರಯದಿಂದಲೂ ತುಂಬಿದವು. ಇಂದಿನ ಅಂತರಕ್ಕೆ ಭಾಷೆಯೂ ಧೈರ್ಯವೂ ಬೇಕು.

ಆದುದರಿಂದ ಭಕ್ತರಲ್ಲಿ ನನ್ನ ಬಿನ್ನಹವಿಷ್ಟು: ಪೂರ್ವಸಿದ್ಧತೆಯ ವರ್ಷವನ್ನು ನಷ್ಟದ ಬಾಬ್ತಿನಲ್ಲಿ ಬರೆಯಬೇಡಿರಿ, ಸಾಲ ಮಾಡುವ ಮುನ್ನವೇ ಅದರ ವೆಚ್ಚವನ್ನು ಲೆಕ್ಕಕ್ಕೆ ಹಿಡಿಯಿರಿ. ಪ್ರಸಾದನಿಲಯದ ಮಕ್ಕಳಿಗೆ ವಾರಕ್ಕೊಂದು ಸಂಜೆ ಸ್ವಂತ ಬರವಣಿಗೆಯನ್ನೂ ಪ್ರಶ್ನೋತ್ತರವನ್ನೂ ಅಭ್ಯಾಸ ಮಾಡಿಸಲು, ಕಲಿತವರು ಮುಂದೆ ಬನ್ನಿರಿ. ದೂರದಲ್ಲಿರುವ ಮಗನೊಡನೆ ಮಾತನಾಡುವಾಗ ಅಂಕಗಳಿಗೆ ಮೊದಲು ಕ್ಷೇಮವನ್ನು ಕೇಳಿರಿ. ಹಾಗೆಯೇ ನಮ್ಮ ನಾಡಿಗೆ ಓದಲು ಬಂದ ಪರದೇಶದ ವಿದ್ಯಾರ್ಥಿಯು ಹಳೇಬೀಡಿನ ಗುಡಿಯ ಮುಂದೆ ಕಂಡರೆ, ಅವನೂ ಒಂದು ಮನೆಯ ಮಗನೆಂದು ಬಗೆದು ಆದರಿಸಿರಿ.

ಶ್ರೀಗುರುವಿನ ಕೃಪೆಯು ದೂರ ಹೋದ ಮಕ್ಕಳನ್ನೂ ನಮ್ಮಲ್ಲಿಗೆ ಬಂದ ಮಕ್ಕಳನ್ನೂ ಸಮನಾಗಿ ಕಾಯಲೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.