ಪಿಯಾನೋ ಟೀಚರ್‌ಗೆ ಕೊಡೋ ಫೀಸು ಯಾವುದಕ್ಕೆ?

ವಾರಕ್ಕೊಂದು ಪಿಯಾನೋ ಕ್ಲಾಸ್ ಅಂದರೆ ಸಾಮಾನ್ಯವಾಗಿ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಮುಕ್ಕಾಲು ಗಂಟೆ ಅಂತ ಇಟ್ಟುಕೊಳ್ಳೋಣ. ಮಗು ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಕೂತರೆ ಉಳಿದ ಆರು ದಿನಕ್ಕೆ ಮೂರು ಗಂಟೆ ಆಯ್ತು. ಅಂದರೆ ಟೀಚರ್ ಎದುರು ನುಡಿಸೋದರ ನಾಲ್ಕು ಪಟ್ಟು ಹೊತ್ತು ಮಗು ಒಂಟಿಯಾಗಿ ನುಡಿಸುತ್ತೆ. ಆದರೆ ಫೀಸಿನ ಲೆಕ್ಕ ಹಾಕುವಾಗ ಎಲ್ಲರೂ ನೋಡೋದು ಆ ಮುಕ್ಕಾಲು ಗಂಟೆಯನ್ನ: ಗಂಟೆಗೆ ಎಷ್ಟು ಬಿತ್ತು, ಪಕ್ಕದ ಏರಿಯಾದಲ್ಲಿ ಎಷ್ಟು ತಗೋತಾರೆ, ಎಷ್ಟು ತಿಂಗಳಿಗೆ ಮೊದಲ ಗ್ರೇಡ್ ಮುಗಿಸ್ತಾರೆ. ನನ್ನ ವಾದ ಇಷ್ಟೆ. ಯಾವ ಸಂಸ್ಥೆಗೂ ಸೇರದೆ ಸ್ವಂತವಾಗಿ ಕಲಿಸೋ ಪಿಯಾನೋ ಟೀಚರ್‌ಗೆ ಕೊಟ್ಟ ದುಡ್ಡು ಸಾರ್ಥಕವಾಯ್ತೋ ಇಲ್ಲವೋ ಅನ್ನೋದು ತೀರ್ಮಾನವಾಗೋದು ಆ ಒಂಟಿ ಮೂರು ಗಂಟೆಗಳಲ್ಲಿ. ತನ್ನ ತಪ್ಪನ್ನ ತಾನೇ ಹಿಡಿದು ತಾನೇ ತಿದ್ದಿಕೊಳ್ಳೋದನ್ನ ಮಗುವಿಗೆ ಯಾರು ಕಲಿಸ್ತಾರೋ ಅವರು ಒಳ್ಳೆ ಟೀಚರ್. ಗ್ರೇಡು, ಸರ್ಟಿಫಿಕೇಟು, ವರ್ಷದ ಕೊನೆಯ ಕಾರ್ಯಕ್ರಮ, ಇವೆಲ್ಲ ಆಮೇಲಿನ ಮಾತು.

ಪಿಯಾನೋ ವಿಷಯದಲ್ಲಿ ಇದನ್ನ ಒತ್ತಿ ಹೇಳೋಕೆ ಕಾರಣ ಇದೆ. ನಮ್ಮಲ್ಲಿ ಸಂಗೀತ ಪಾಠ ಅಂದ ಕೂಡಲೇ ನೆನಪಾಗೋದು ಸರಳೆ ವರಸೆ, ಜಂಟಿ ವರಸೆ. ಅಲ್ಲಿ ಗುರು ಹಾಡ್ತಾರೆ, ಶಿಷ್ಯರು ಕೇಳಿಸಿಕೊಂಡು ತಿರುಗಿ ಹಾಡ್ತಾರೆ. ಶ್ರುತಿ ತಪ್ಪಿದರೆ ಅಲ್ಲೇ ತಿದ್ದುಪಡಿ. ಮನೆಗೆ ಹೋಗುವಾಗ ಕಿವಿಯಲ್ಲಿ ಗುರುವಿನ ಧ್ವನಿ ಇರುತ್ತೆ, ಅದರ ಪಕ್ಕದಲ್ಲಿ ತನ್ನ ಧ್ವನಿಯನ್ನ ಇಟ್ಟು ನೋಡಬಹುದು. ಪಿಯಾನೋ ಕಲಿಯೋ ಮಗು ಮನೆಗೆ ಒಯ್ಯೋದು ಮುಖ್ಯವಾಗಿ ಅಚ್ಚಾದ ಒಂದು ಹಾಳೆ. ಏನು ನುಡಿಸಬೇಕು ಅಂತ ಅದು ಹೇಳುತ್ತೆ. ನೀನು ನುಡಿಸಿದ್ದು ಏನು ಅಂತ ಹೇಳಲ್ಲ. ಜೊತೆಗೆ ವಾದ್ಯದ್ದೇ ಒಂದು ಗುಣ ಇದೆ. ಪಿಟೀಲಿನಲ್ಲಿ ಬೆರಳು ಕೂದಲೆಳೆಯಷ್ಟು ಜಾರಿದರೂ ಅಪಸ್ವರ ಬಂದು ಗುಟ್ಟು ರಟ್ಟಾಗುತ್ತೆ. ಶ್ರುತಿ ಮಾಡಿಟ್ಟ ಪಿಯಾನೋ ಮೇಲೆ ಬೆಕ್ಕು ನಡೆದುಹೋದರೂ ಪ್ರತಿ ಸ್ವರ ಶುದ್ಧವಾಗೇ ಬರುತ್ತೆ. ಹಾಗಾಗಿ ತಪ್ಪುಗಳು ಬೇರೆ ಕಡೆ ಅಡಗಿಕೊಳ್ತವೆ: ತಾಳದಲ್ಲಿ, ಯಾವ ಸ್ವರಕ್ಕೆ ಯಾವ ಬೆರಳು ಅನ್ನೋದರಲ್ಲಿ, ಎಡಗೈ ಬಲಗೈಯನ್ನ ಮುಳುಗಿಸಿಬಿಡೋದರಲ್ಲಿ, ಬಿಗಿಯಾದ ಮಣಿಕಟ್ಟಿನಲ್ಲಿ. ಇವನ್ನ ಕೇಳಿಸಿಕೊಳ್ಳೋಕೆ, ಗಮನಿಸೋಕೆ ಯಾರಾದರೂ ಕಲಿಸಿಕೊಡಲೇಬೇಕು.

ಫಲ ತೀರ್ಮಾನವಾಗೋದು ತಪ್ಪನ್ನ ತಾನೇ ತಿದ್ದಿಕೊಳ್ಳೋದರಲ್ಲಿ ಅನ್ನೋದಕ್ಕೆ ಪುರಾವೆ ಏನು? 2009ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ರಾಬರ್ಟ್ ಡ್ಯೂಕ್ ಮತ್ತು ಇಬ್ಬರು ಸಹೋದ್ಯೋಗಿಗಳು ಒಂದು ಚಿಕ್ಕ ಅಧ್ಯಯನ ಪ್ರಕಟಿಸಿದರು. ಸಂಗೀತವನ್ನೇ ಓದುತ್ತಿದ್ದ 17 ಪಿಯಾನೋ ವಿದ್ಯಾರ್ಥಿಗಳಿಗೆ ಶೊಸ್ಟಕೋವಿಚ್‌ನ ಮೊದಲ ಪಿಯಾನೋ ಕಾನ್ಸರ್ಟೋದಿಂದ ಬರೀ ಮೂರು ಬಾರ್ (ತಾಳದ ಮೂರು ಸುತ್ತಿನಷ್ಟು) ಕೊಟ್ಟು, ಎಷ್ಟು ಹೊತ್ತು ಬೇಕೋ ಅಷ್ಟು ಅಭ್ಯಾಸ ಮಾಡಿ, ನಾಳೆ ಬಂದು ನುಡಿಸಿ ಅಂದರು. ಮಾರನೇ ದಿನ ಯಾರು ಎಷ್ಟು ಚೆನ್ನಾಗಿ ನುಡಿಸಿದರು ಅಂತ ಶ್ರೇಣಿ ಹಾಕಿ, ಹಿಂದಿನ ದಿನದ ಅಭ್ಯಾಸದ ರೆಕಾರ್ಡಿಂಗ್ ಜೊತೆ ಹೋಲಿಸಿದರು. ಎಷ್ಟು ಹೊತ್ತು ಅಭ್ಯಾಸ ಮಾಡಿದರು ಅನ್ನೋದಕ್ಕೂ ಶ್ರೇಣಿಗೂ ಸಂಬಂಧ ಕಾಣಲಿಲ್ಲ. ಎಷ್ಟು ಸಲ ನುಡಿಸಿದರು ಅನ್ನೋದಕ್ಕೂ ಇರಲಿಲ್ಲ. ನುಡಿಸಿದ ಸಲಗಳಲ್ಲಿ ತಪ್ಪಾದವು ಎಷ್ಟು ಪಾಲು ಅನ್ನೋದಕ್ಕೆ ಸಂಬಂಧ ಇತ್ತು. ಮೇಲಿನ ಸ್ಥಾನ ಪಡೆದವರೂ ಶುರುವಿನಲ್ಲಿ ಉಳಿದವರಷ್ಟೇ ತಪ್ಪು ಮಾಡಿದ್ದರು. ವ್ಯತ್ಯಾಸ ಇದ್ದದ್ದು ತಪ್ಪಾದ ಮೇಲೆ ಅವರು ಮಾಡಿದ್ದರಲ್ಲಿ. ತಪ್ಪು ಎಲ್ಲಿ ಹುಟ್ಟಿತು ಅಂತ ಹುಡುಕಿದರು, ವೇಗ ಇಳಿಸಿದರು, ಅಷ್ಟೇ ಜಾಗವನ್ನ ಸರಿಹೋಗೋವರೆಗೆ ನುಡಿಸಿ ಆಮೇಲೆ ಮುಂದಕ್ಕೆ ಹೋದರು. 17 ಜನ ಅಂದರೆ ಸಣ್ಣ ಸಂಖ್ಯೆ, ಅವರೆಲ್ಲ ದೊಡ್ಡವರು, ಏಳು ವರ್ಷದ ಮಕ್ಕಳಲ್ಲ, ಇಷ್ಟನ್ನ ಒಪ್ಪಿಕೊಳ್ಳೋಣ. ಆದರೂ ದಿಕ್ಕು ಸ್ಪಷ್ಟವಾಗಿದೆ. ಮೊದಲಿಂದ ಕೊನೆವರೆಗೆ ಹತ್ತು ಸಲ ನುಡಿಸಿ, ಎಡವಿದ ಜಾಗದಲ್ಲಿ ಹತ್ತು ಸಲವೂ ಎಡವಿ ಎದ್ದು ಬರೋ ಮಗು ಆ ಎಡವುವಿಕೆಯನ್ನೇ ಅಭ್ಯಾಸ ಮಾಡ್ತಾ ಇದೆ. ಒಳಗಿನ ರೂಮಿಂದ ಕೇಳಿಸಿಕೊಳ್ಳೋ ಅಪ್ಪ ಅಮ್ಮನಿಗೆ ಅದು ಒಳ್ಳೆ ಅರ್ಧ ಗಂಟೆಯ ಸಾಧನೆ ಅಂತಲೇ ಅನಿಸುತ್ತೆ.

ಇಲ್ಲಿ ಒಂದು ತಕರಾರು ಬರಬಹುದು. ಪ್ರತಿ ತಪ್ಪಿಗೂ ನಿಲ್ಲಿಸ್ತಾ ಹೋದರೆ ಸಂಗೀತ ಎಲ್ಲಿ ಉಳಿಯುತ್ತೆ? ಸರಿಯಾದ ಪ್ರಶ್ನೆ, ಮತ್ತು ಬೀಥೋವನ್‌ಗೂ ಇದೇ ಚಿಂತೆ ಇತ್ತು. ತನ್ನ ತಮ್ಮನ ಮಗ ಕಾರ್ಲ್‌ಗೆ ಪಾಠ ಹೇಳ್ತಿದ್ದ ಶಿಷ್ಯ ಕಾರ್ಲ್ ಚೆರ್ನಿಗೆ ಅವನು ಬರೆದ ಒಂದು ಪತ್ರ ಉಳಿದಿದೆ. ಬೆರಳು, ತಾಳ, ಸ್ವರ ಇಷ್ಟು ಮಟ್ಟಿಗೆ ಸರಿಯಾದ ಮೇಲೆ ಸಣ್ಣಪುಟ್ಟ ತಪ್ಪಿಗೆ ಹುಡುಗನನ್ನ ನಡುವೆ ತಡೀಬೇಡ, ಪೂರ್ತಿ ಮುಗಿಸಲಿ, ಆಮೇಲೆ ಹೇಳು ಅನ್ನೋದು ಅದರ ಸಾರಾಂಶ. ಇದು ಡ್ಯೂಕ್ ಅಧ್ಯಯನಕ್ಕೆ ಎದುರು ಅಂತ ಮೇಲ್ನೋಟಕ್ಕೆ ಕಾಣುತ್ತೆ. ಆದರೆ ಕೃತಿಯನ್ನ ಕಲಿತು ಕಟ್ಟೋ ಹೊತ್ತು ಬೇರೆ, ನುಡಿಸಿ ತೋರಿಸೋ ಹೊತ್ತು ಬೇರೆ. ಕಟ್ಟುವಾಗ ನಿಲ್ಲಬೇಕು, ಬಿಡಿಸಿ ನೋಡಬೇಕು. ನುಡಿಸುವಾಗ ಏನೇ ಆದರೂ ತಾಳ ಬಿಡದೆ ಸಾಗಬೇಕು. ಈಗ ಯಾವುದನ್ನ ಮಾಡ್ತಿದ್ದೀನಿ ಅನ್ನೋ ಅರಿವು ಮಗುವಿಗೆ ಬರೋದು ಟೀಚರ್ ಎರಡನ್ನೂ ಕ್ಲಾಸಿನಲ್ಲೇ ಬೇರೆಬೇರೆ ಮಾಡಿ ತೋರಿಸಿದಾಗ.

ಸ್ವತಂತ್ರ ಟೀಚರ್‌ಗೆ ಇಲ್ಲಿ ದೊಡ್ಡ ಅನುಕೂಲ ಇದೆ: ಪಾಠದ ಕ್ರಮ ಅವರ ಕೈಯಲ್ಲೇ ಇರುತ್ತೆ. ಶೋಪಾನ್‌ನನ್ನ ನೋಡಿ. ಪ್ಯಾರಿಸ್ಸಿನಲ್ಲಿ ಅವನ ಜೀವನ ನಡೆದದ್ದು ಹೆಚ್ಚಾಗಿ ಮನೆಪಾಠದ ದುಡ್ಡಿನಲ್ಲಿ. ಯಾವ ಸಂಗೀತ ಶಾಲೆಯಲ್ಲೂ ಅವನಿಗೆ ಹುದ್ದೆ ಇರಲಿಲ್ಲ. ಒಂದು ಪಾಠಕ್ಕೆ 20 ಫ್ರಾಂಕ್. ಸಾಮಾನ್ಯವಾಗಿ ಎಲ್ಲರೂ ಬರೀ ಬಿಳಿ ಕೀಗಳ ಸಿ ಮೇಜರ್ ಸ್ಕೇಲಿಂದ ಶುರು ಮಾಡಿಸಿದರೆ ಅವನು ಬಿ ಮೇಜರ್‌ನಿಂದ ಶುರು ಮಾಡಿಸ್ತಿದ್ದ. ಕಾಗದದ ಮೇಲೆ ನೋಡಿದರೆ ಅದರಲ್ಲಿ ಐದು ಶಾರ್ಪ್, ಹೆದರಿಕೆ ಆಗುತ್ತೆ. ಕೈಗೆ ಮಾತ್ರ ಅದೇ ಸುಲಭ, ಯಾಕಂದರೆ ಉದ್ದದ ಬೆರಳುಗಳು ಎತ್ತರದ ಕಪ್ಪು ಕೀಗಳ ಮೇಲೆ, ಚಿಕ್ಕವು ಬಿಳಿಯ ಮೇಲೆ ತಾವಾಗೇ ಕೂರ್ತವೆ. ಓದೋಕೆ ಸುಲಭವಾದ ಸಿ ಮೇಜರ್ ಅವನ ಲೆಕ್ಕದಲ್ಲಿ ನುಡಿಸೋಕೆ ಕಷ್ಟದ್ದು, ಅದು ಕೊನೆಗೆ. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಅಭ್ಯಾಸ ಬೇಡ ಅಂತಲೂ ಹೇಳ್ತಿದ್ದ. ಎದುರಿಗೆ ಕೂತ ಕೈಯನ್ನ ನೋಡಿ ಪಾಠದ ಕ್ರಮವನ್ನೇ ಬದಲಿಸೋದು ಹತ್ತು ಮಕ್ಕಳ ಬ್ಯಾಚಿನಲ್ಲಿ ಆಗದ ಕೆಲಸ. ಒಬ್ಬ ಸ್ವತಂತ್ರ ಟೀಚರ್ ಈ ಸ್ವಾತಂತ್ರ್ಯ ಇದ್ದೂ ಪ್ರತಿ ಮಗುವಿಗೂ ಅದೇ ಪುಸ್ತಕ, ಅದೇ ಪುಟ, ಅದೇ ಮೂರು ಪೀಸ್ ಕೊಡ್ತಿದ್ದರೆ, ಮನೆಪಾಠದ ಫೀಸು ಕೊಟ್ಟು ಬ್ಯಾಚಿನ ಪಾಠ ತಗೊಂಡ ಹಾಗೆ.

ಮೂರು ಪೀಸ್ ಅಂದೆ, ಅಲ್ಲಿಗೆ ಪರೀಕ್ಷೆಯ ಮಾತು ಬಂತು. ಕರ್ನಾಟಕ ಸಂಗೀತದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನ ಕಂಡ ಮನೆಗಳಿಗೆ ಲಂಡನ್ನಿನ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ ಪರೀಕ್ಷಾ ಸಂಸ್ಥೆಗಳ ಗ್ರೇಡ್‌ಗಳು ಸಹಜವಾಗೇ ಕಾಣ್ತವೆ. ಪರೀಕ್ಷೆ ಇಲ್ಲದಿದ್ದರೆ ಮಕ್ಕಳು ಕೂತು ನುಡಿಸೋದೇ ಇಲ್ಲ, ಟೀಚರ್ ಸರಿಯಾಗಿ ಕಲಿಸಿದ್ದಾರಾ ಅಂತ ಹೊರಗಿನವರೊಬ್ಬರು ನೋಡಲಿ ಅನ್ನೋ ವಾದದಲ್ಲಿ ತೂಕ ಇದೆ. ನನ್ನ ವಿರೋಧ ಪರೀಕ್ಷೆಗಲ್ಲ, ಪರೀಕ್ಷೆಯೇ ಪಠ್ಯಕ್ರಮ ಆಗಿಬಿಡೋದಕ್ಕೆ. ಅಂಕಗಳನ್ನ ನೋಡಿ. ಎಬಿಆರ್‌ಎಸ್‌ಎಂನ ಪ್ರಾಕ್ಟಿಕಲ್ ಗ್ರೇಡ್‌ನಲ್ಲಿ ಒಟ್ಟು 150. ಅದರಲ್ಲಿ ಮೂರು ಪೀಸ್‌ಗಳಿಗೇ 90. ಮುಂಚೆ ನೋಡಿರದ ಹಾಳೆಯನ್ನ ಕೂಡಲೇ ಓದಿ ನುಡಿಸೋದಕ್ಕೆ, ಅಂದರೆ ಸೈಟ್ ರೀಡಿಂಗ್‌ಗೆ, 21 ಮಾತ್ರ. ಪಾಸಾಗೋಕೆ 100 ಸಾಕು. 2020ರಲ್ಲಿ ಬಂದ ಪರ್ಫಾರ್ಮೆನ್ಸ್ ಗ್ರೇಡ್‌ನಲ್ಲಂತೂ ನಾಲ್ಕು ಪೀಸ್ ರೆಕಾರ್ಡ್ ಮಾಡಿ ಕಳಿಸಿದರಾಯ್ತು, ಸೈಟ್ ರೀಡಿಂಗ್ ಪರೀಕ್ಷೆಯೇ ಇಲ್ಲ. ಹಾಗಾಗಿ ವರ್ಷವಿಡೀ ಮೂರೇ ಪೀಸ್‌ಗಳನ್ನ ಅರೆದು, ಟೀಚರ್ ಪ್ರತಿ ತಪ್ಪನ್ನೂ ತಾವೇ ಹಿಡಿದು ತಾವೇ ತಿದ್ದಿ, ಒಳ್ಳೆ ಅಂಕ ತರಿಸಬಹುದು. ಎಂಟು ಗ್ರೇಡ್‌ಗೆ 24 ಪೀಸ್. ಎಂಟನೇ ಗ್ರೇಡ್ ಮುಗಿಸಿದ ಹುಡುಗಿಗೆ ಗೆಳತಿ ಕೊಟ್ಟ ಒಂದು ಸರಳ ಹಾಡಿನ ಹಾಳೆಯನ್ನ ಓದೋಕೆ ಬರದೇ ಇದ್ದರೂ ಆಶ್ಚರ್ಯ ಇಲ್ಲ. ಪರೀಕ್ಷೆಗೂ ಕುತೂಹಲಕ್ಕೂ ಜಗಳ ಇರಲೇಬೇಕು ಅಂತೇನಿಲ್ಲ. ಮೈಸೂರಿನ ಜಯಚಾಮರಾಜ ಒಡೆಯರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದವರು. ಆದರೂ ಪಠ್ಯದ ಆಚೆ ಹೋಗಿ, ಹೆಚ್ಚು ಜನ ಗಮನಿಸದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನ ಹುಡುಕಿಕೊಂಡರು, 1940ರ ದಶಕದ ಕೊನೆಯಲ್ಲಿ ಅವುಗಳ ಧ್ವನಿಮುದ್ರಣಕ್ಕೆ ದುಡ್ಡು ಕೊಟ್ಟರು. ಮೆಟ್ನರ್ ತನ್ನ ಮೂರನೇ ಪಿಯಾನೋ ಕಾನ್ಸರ್ಟೋವನ್ನ ಅವರಿಗೆ ಅರ್ಪಿಸಿದ. ಅರಮನೆಯ ಅನುಕೂಲ ಎಲ್ಲರಿಗೂ ಇರಲ್ಲ ನಿಜ. ಪರೀಕ್ಷೆಯ ಮೂರು ಪೀಸ್ ಜೊತೆಗೆ ವರ್ಷಕ್ಕೆ ಇಪ್ಪತ್ತು ಸಣ್ಣ ಸುಲಭದ ಪೀಸ್ ಓದಿಸೋಕೆ ಅರಮನೆ ಬೇಕಿಲ್ಲ.

ಇನ್ನೊಂದು ಆಕ್ಷೇಪ ಈಗಿನ ಕಾಲದ್ದು. ತಪ್ಪು ಹಿಡಿಯೋದೇ ಮುಖ್ಯ ಅನ್ನೋದಾದರೆ ಮೊಬೈಲಿನ ಆ್ಯಪ್ ಸಾಲದೇ? ಯಾವ ಕೀ, ಯಾವ ಹೊತ್ತಿಗೆ ಬಿತ್ತು ಅನ್ನೋದನ್ನ ಅದು ಚೆನ್ನಾಗೇ ಹಿಡಿಯುತ್ತೆ, ಬೇಸರಾನೂ ಮಾಡಿಕೊಳ್ಳಲ್ಲ. ಆದರೆ ಪಿಯಾನೋ ಒಳಗೆ ನಡೆಯೋದು ಹೀಗೆ: ಕೀ ಒತ್ತಿದಾಗ ಸುತ್ತಿಗೆ ತಂತಿಯ ಕಡೆಗೆ ಚಿಮ್ಮುತ್ತೆ, ಅದಕ್ಕೆ ತಾಗೋ ಸ್ವಲ್ಪ ಮುಂಚೆ ಕೀಯ ಹಿಡಿತದಿಂದ ಬಿಡಿಸಿಕೊಳ್ಳುತ್ತೆ. ಫ್ಲಾರೆನ್ಸಿನ ಬಾರ್ತೊಲೊಮಿಯೊ ಕ್ರಿಸ್ತೊಫೊರಿ 1700ರ ಸುಮಾರಿಗೆ ಕಂಡುಹಿಡಿದ ಉಪಾಯದ ಜೀವಾಳ ಇದು. ತಾಗಿದ ಮೇಲೆ ಬೆರಳು ಎಷ್ಟು ಒತ್ತಿದರೂ ಆ ಪೆಟ್ಟು ಬದಲಾಗಲ್ಲ. ನಾದ ಹೇಗಿರಬೇಕು ಅನ್ನೋದು ನಿರ್ಧಾರವಾಗೋದು ನಾದ ಕೇಳೋ ಮುಂಚೆ, ತೋಳು, ಮಣಿಕಟ್ಟು, ಬೆರಳು ಇವುಗಳ ಚಲನೆಯಲ್ಲಿ. ಮೈಕ್‌ಗೆ ಕೇಳೋದು ಪರಿಣಾಮ, ಕಾರಣ ಅಲ್ಲ. ನಾಲ್ಕನೇ ಬೆರಳು ಬರಬೇಕಾದ ಕಡೆ ಮೂರನೇದು ಬಂದದ್ದರಿಂದ ಎರಡು ಸ್ವರ ಆದಮೇಲೆ ಕೈ ಸಿಕ್ಕಿಹಾಕಿಕೊಳ್ತು ಅನ್ನೋದನ್ನ ಪಕ್ಕದಲ್ಲಿ ಕೂತ ಟೀಚರ್ ನೋಡಿದ ಕೂಡಲೇ ಹೇಳ್ತಾರೆ. ಆ್ಯಪ್ ಆ ಮೂರನೇ ಸ್ವರಕ್ಕೆ ಕೆಂಪು ಗುರುತು ಹಾಕಿ ಸುಮ್ಮನಾಗುತ್ತೆ.

ಪ್ರತಿಭೆ ಇಲ್ಲದೆ ಏನು ಮಾಡಿದರೂ ಅಷ್ಟೇ ಅನ್ನೋರೂ ಇದ್ದಾರೆ. ಅವರ ಕಡೆಗೂ ಆಧಾರ ಇದೆ. 2014ರಲ್ಲಿ ಬ್ರೂಕ್ ಮ್ಯಾಕ್ನಮಾರಾ ಅನ್ನೋ ಸಂಶೋಧಕಿ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ, ಸಂಗೀತಗಾರರ ನಡುವಿನ ಸಾಮರ್ಥ್ಯದ ವ್ಯತ್ಯಾಸದಲ್ಲಿ ಉದ್ದೇಶಪೂರ್ವಕ ಅಭ್ಯಾಸ ವಿವರಿಸಿದ್ದು ಸುಮಾರು ಶೇ. 21 ಮಾತ್ರ. ಹುಟ್ಟಿನಿಂದ ಬಂದದ್ದು, ಮನೆಯ ವಾತಾವರಣ, ಶುರು ಮಾಡಿದ ವಯಸ್ಸು, ಎಲ್ಲಕ್ಕೂ ಪಾಲಿರಬಹುದು. ಆದರೆ ಫೀಸು ಕೊಟ್ಟು ಬದಲಿಸಬಹುದಾದದ್ದು ಅಭ್ಯಾಸ ಒಂದನ್ನೇ. ಇನ್ನು ಟೀಚರ್ ಸ್ವತಃ ದೊಡ್ಡ ಕಲಾವಿದರಾಗಿರಬೇಕಾ? ಬೆಂಜಮಿನ್ ಬ್ಲೂಮ್ 1985ರಲ್ಲಿ ಪ್ರಕಟಿಸಿದ ಸಂಶೋಧನೆಗೆ ಲಾರೆನ್ ಸೊಸ್ನಿಯಾಕ್ ಅಮೆರಿಕದ ಇಪ್ಪತ್ತಕ್ಕೂ ಹೆಚ್ಚು ಹೆಸರಾಂತ ಪಿಯಾನೋ ವಾದಕರನ್ನ ಮಾತಾಡಿಸಿದರು. ಅವರಲ್ಲಿ ಹೆಚ್ಚಿನವರ ಮೊದಲ ಟೀಚರ್ ಅಕ್ಕಪಕ್ಕದ ಬೀದಿಯ, ಮಕ್ಕಳನ್ನ ಪ್ರೀತಿಯಿಂದ ಕಂಡ ಸಾಮಾನ್ಯ ಟೀಚರ್. ಕಠಿಣ ಗುರುಗಳು ಬಂದದ್ದು ಆಮೇಲೆ. ಪಿಯಾನೋ ಕಲಿಸೋಕೆ ಲೈಸೆನ್ಸ್ ಏನೂ ಬೇಕಿಲ್ಲ, ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಹಾಗಾಗಿ ಡಿಪ್ಲೊಮಾ ಇದೆಯಾ ಅಂತ ಕೇಳೋದು ತಪ್ಪಲ್ಲ. ನುಡಿಸೋದರ ಡಿಪ್ಲೊಮಾ ಬೇರೆ, ಕಲಿಸೋದರ ಡಿಪ್ಲೊಮಾ ಬೇರೆ ಅನ್ನೋದು ನೆನಪಿರಲಿ.

ಡಿಪ್ಲೊಮಾಗಿಂತ ಹೆಚ್ಚು ತಿಳಿಸೋದು ಮಗುವಿನ ನೋಟ್‌ಬುಕ್. ಟ್ರಯಲ್ ಕ್ಲಾಸ್ ಮುಗಿದ ಮೇಲೆ ತೆಗೆದು ನೋಡಿ. ‘ಪುಟ 14, ದಿನಾ ಐದು ಸಲ’ ಅಂತ ಬರೆದಿದ್ದರೆ ಅದು ಬರೀ ಹೋಂವರ್ಕ್. ‘ಎಡಗೈ ಮಾತ್ರ, ಐದರಿಂದ ಎಂಟನೇ ಬಾರ್, ನಿಧಾನ, ಹೆಬ್ಬೆರಳು ಕೆಳಗೆ ಹಾಯೋದನ್ನ ನೋಡ್ಕೋ, ಮೂರು ಸಲ ಸರಿ ಬಂದರೆ ಬಲಗೈ ಸೇರಿಸು’ ಅಂತಿದ್ದರೆ ಟೀಚರ್ ಆ ಮೂರು ಗಂಟೆಯ ಬಗ್ಗೆ ಯೋಚಿಸಿದ್ದಾರೆ. ಮೂರ್ನಾಲ್ಕು ತಿಂಗಳಾದ ಮೇಲೆ ಈಗ ಕಲೀತಿರೋದಕ್ಕಿಂತ ಸುಲಭವಾದ ಒಂದು ಹೊಸ ಹಾಳೆಯನ್ನ ಮಗುವಿನ ಮುಂದಿಟ್ಟು, ಇದನ್ನ ಹೇಗೆ ಶುರು ಮಾಡ್ತೀಯ ಅಂತ ಕೇಳಿ. ಯಾವ ಕೈ ಮೊದಲು, ಎಲ್ಲಿ ಕಷ್ಟ ಬರಬಹುದು ಅಂತ ಮಗು ತಾನೇ ಹೇಳಿದರೆ ಫೀಸು ಕೆಲಸ ಮಾಡ್ತಿದೆ. ಟೀಚರ್ ಹೇಳಿಕೊಟ್ಟಿಲ್ಲ ಅಂತ ಕೈ ಕಟ್ಟಿ ಕೂತರೆ ಮೊದಲು ಟೀಚರ್ ಹತ್ತಿರ ಮಾತಾಡಿ. ಬದಲಾಯಿಸೋ ಯೋಚನೆ ಆಮೇಲೆ ಮಾಡಿದರಾಯ್ತು. ಕ್ಲಾಸ್ ತಪ್ಪಿದ ವಾರದ ಫೀಸು ಕೊಡಬೇಕಾ ಅನ್ನೋ ಜಗಳವನ್ನೂ ಸೇರೋ ದಿನವೇ ಮುಗಿಸಿಕೊಳ್ಳಿ. ಸಂಬಳ ಇಲ್ಲದ ಟೀಚರ್ ನಿಮ್ಮ ಮಗುವಿಗೆ ಅಂತ ಆ ಹೊತ್ತನ್ನ ಬೇರೆ ಯಾರಿಗೂ ಕೊಡದೆ ಇಟ್ಟುಕೊಂಡಿರ್ತಾರೆ, ಹಾಗಾಗಿ ತಿಂಗಳ ಫೀಸು ಪೂರ್ತಿ ಕೇಳೋದರಲ್ಲಿ ನ್ಯಾಯ ಇದೆ. ಟೀಚರೇ ರಜೆ ಹಾಕಿದ ವಾರಕ್ಕೆ ಬದಲಿ ಕ್ಲಾಸ್ ಕೇಳೋದರಲ್ಲೂ ಅಷ್ಟೇ ನ್ಯಾಯ ಇದೆ.