ಆರೋಪ ಹೊರಿಸಿದ ಸದನಕ್ಕೇ ಸದಸ್ಯ!

ಒಬ್ಬ ಜಡ್ಜ್ ಮೇಲೆ ಲಂಚದ ಆರೋಪ ಬರುತ್ತೆ. ಸಂಸತ್ತು ಅವರನ್ನು ಕುರ್ಚಿಯಿಂದ ಇಳಿಸುತ್ತೆ. ಮೂರೇ ವರ್ಷದಲ್ಲಿ ಅದೇ ವ್ಯಕ್ತಿ ಚುನಾವಣೆ ಗೆದ್ದು ಅದೇ ಸಂಸತ್ತಿನ ಮೆಟ್ಟಿಲು ಹತ್ತುತ್ತಾರೆ. ಸಿನಿಮಾ ಕಥೆ ಅಲ್ಲ. ಅಮೆರಿಕದಲ್ಲಿ ನಡೆದದ್ದು.

ಹೆಸರು ಆಲ್ಸೀ ಹೇಸ್ಟಿಂಗ್ಸ್. 1936ರಲ್ಲಿ ಫ್ಲಾರಿಡಾದಲ್ಲಿ ಹುಟ್ಟಿದ ಕಪ್ಪು ವರ್ಣೀಯರು. ಕರಿಯರಿಗೊಂದು ಶಾಲೆ, ಬಿಳಿಯರಿಗೊಂದು ಶಾಲೆ ಅಂತಿದ್ದ ಕಾಲ ಅದು. ಅಲ್ಲಿಂದ ಓದಿ ವಕೀಲರಾದರು, ವರ್ಣಭೇದದ ವಿರುದ್ಧ ಹೋರಾಡಿದರು. 1979ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರನ್ನು ಫೆಡರಲ್ ನ್ಯಾಯಾಧೀಶರನ್ನಾಗಿ ನೇಮಿಸಿದರು. ಫ್ಲಾರಿಡಾದಲ್ಲಿ ಆ ಪೀಠ ಏರಿದ ಮೊದಲ ಕಪ್ಪು ವರ್ಣೀಯ ಅವರೇ.

ಎರಡೇ ವರ್ಷ ನೋಡಿ. ಅಪರಾಧಿಗಳ ಶಿಕ್ಷೆ ತಗ್ಗಿಸೋಕೆ 1,50,000 ಡಾಲರ್ ಲಂಚದ ಸಂಚು ಮಾಡಿದ್ರು ಅಂತ 1981ರಲ್ಲಿ ಕೇಸ್ ಬಿತ್ತು. ಜೊತೆಗೆ ಆರೋಪಿಯಾಗಿದ್ದ ಗೆಳೆಯ ವಕೀಲ ತಪ್ಪಿತಸ್ಥ ಅಂತಾಯ್ತು. ಆದರೆ 1983ರಲ್ಲಿ ಜ್ಯೂರಿ ಹೇಸ್ಟಿಂಗ್ಸ್ ಅವರನ್ನು ಖುಲಾಸೆ ಮಾಡಿತು.

ಅಲ್ಲಿಗೆ ಮುಗೀತಾ? ಇಲ್ಲ. ಕೋರ್ಟಿನಲ್ಲಿ ಸುಳ್ಳು ಹೇಳಿ ಪಾರಾದರು ಅನ್ನೋ ಅನುಮಾನ ಸಹ ನ್ಯಾಯಾಧೀಶರಿಗೇ ಬಂತು. ತನಿಖೆ ನಡೀತು. 1988ರಲ್ಲಿ ಕೆಳಮನೆ 413–3 ಮತಗಳಿಂದ ಮಹಾಭಿಯೋಗಕ್ಕೆ ಒಪ್ಪಿತು. ಬಣ್ಣ ನೋಡಿ ಬೇಟೆಯಾಡ್ತಿದ್ದಾರೆ ಅನ್ನೋದು ಹೇಸ್ಟಿಂಗ್ಸ್ ವಾದ. ಆದರೆ ವಿಚಾರಣೆ ನಡೆಸಿದ ಉಪಸಮಿತಿಯ ಮುಖ್ಯಸ್ಥ ಜಾನ್ ಕಾನ್ಯರ್ಸ್ ಕೂಡ ಕಪ್ಪು ವರ್ಣೀಯರೇ. ಅವರೂ ಮಹಾಭಿಯೋಗದ ಪರವೇ ನಿಂತರು. 1989ರಲ್ಲಿ ಸೆನೆಟ್ ಹೇಸ್ಟಿಂಗ್ಸ್ ಅವರನ್ನು ವಜಾ ಮಾಡಿತು.

ಇಲ್ಲೇ ಇರೋದು ತಿರುವು. ಅಮೆರಿಕದ ಸಂವಿಧಾನದಲ್ಲಿ ಹುದ್ದೆಯಿಂದ ತೆಗೆಯೋದು ಒಂದು ಶಿಕ್ಷೆ, ಮುಂದೆ ಯಾವ ಹುದ್ದೆಯನ್ನೂ ಹಿಡಿಯದಂತೆ ಮಾಡೋದು ಇನ್ನೊಂದು. ಸೆನೆಟ್ ಎರಡನೆಯದನ್ನು ವಿಧಿಸಲೇ ಇಲ್ಲ. ಆ ಬಾಗಿಲು ತೆರೆದೇ ಇತ್ತು. 1992ರಲ್ಲಿ ಹೇಸ್ಟಿಂಗ್ಸ್ ಡೆಮಾಕ್ರಟಿಕ್ ಪಕ್ಷದಿಂದ ಗೆದ್ದರು. 2021ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವವರೆಗೆ, 28 ವರ್ಷ, ತಮ್ಮ ಮೇಲೆ ಆರೋಪ ಹೊರಿಸಿದ ಅದೇ ಕೆಳಮನೆಯಲ್ಲಿ ಕೂತರು. 1998ರಲ್ಲಿ ಬಿಲ್ ಕ್ಲಿಂಟನ್ ಮಹಾಭಿಯೋಗ ಬಂದಾಗ ಮತ ಹಾಕುವ ಸರದಿ ಅವರದ್ದಾಗಿತ್ತು. ಬೇಡ ಅಂತ ಮತ ಹಾಕಿದರು.

ಹಾಗಾದ್ರೆ ಯಾರು ಸರಿ? ಜ್ಯೂರಿಯಾ, ಸೆನೆಟ್ಟಾ, ಮತದಾರರಾ?

ನನಗನ್ನಿಸೋದು ಇಷ್ಟು. ಮೂವರಿಗೂ ಎದುರಾದ ಪ್ರಶ್ನೆ ಬೇರೆ ಬೇರೆ. ಅಪರಾಧ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಯ್ತಾ ಅಂತ ಜ್ಯೂರಿ ನೋಡುತ್ತೆ. ಈತ ನ್ಯಾಯಪೀಠಕ್ಕೆ ಯೋಗ್ಯನಾ ಅಂತ ಸೆನೆಟ್ ನೋಡುತ್ತೆ. ನಮ್ಮ ಕಷ್ಟಕ್ಕೆ ಆಗ್ತಾನಾ ಅಂತ ಮತದಾರ ನೋಡ್ತಾನೆ. ಒಂದರ ಉತ್ತರ ಇನ್ನೊಂದಕ್ಕೆ ಉತ್ತರ ಆಗಲ್ಲ.

ನಮ್ಮಲ್ಲೂ ಎಷ್ಟು ಜನ "ಜನತಾ ನ್ಯಾಯಾಲಯದಲ್ಲಿ ಗೆದ್ದಿದ್ದೀನಿ" ಅಂತ ಎದೆ ತಟ್ಟಿಕೊಳ್ಳಲ್ಲ ಹೇಳಿ? ಮತ ಅಧಿಕಾರ ಕೊಡುತ್ತೆ, ಕ್ಲೀನ್ ಚಿಟ್ ಕೊಡಲ್ಲ. ಮುಂದಿನ ಸಲ ಯಾರಾದ್ರೂ ಹಾಗಂದ್ರೆ ಹೇಸ್ಟಿಂಗ್ಸ್ ಕಥೆ ನೆನಪಿಸಿಕೊಳ್ಳಿ.